ಬಂಡಿಗಳಲ್ಲಿಯೂ ಬೇಸಾಯದ ಯಂತ್ರಗಳಲ್ಲಿಯೂ ನಟ್ಟುಗಳನ್ನು ಭದ್ರಪಡಿಸುವ ಕ್ರಮಗಳು

ಅಂಕೋಲೆಯಿಂದ ಹುಬ್ಬಳ್ಳಿಗೆ ಹೋಗುವ ಹೆದ್ದಾರಿಯಲ್ಲಿ, ಅರಬೈಲು ಘಟ್ಟವನ್ನು ಹತ್ತುವುದಕ್ಕೆ ಮೊದಲು, ಸುಂಕಸಾಳವೆಂಬ ಊರು ಸಿಕ್ಕುತ್ತದೆ. ಈ ಪ್ರಾಂತದಲ್ಲಿ ಅಡಿಕೆಯ ತೋಟಗಳೂ ಬತ್ತದ ಗದ್ದೆಗಳೂ ಕಾಡಿನ ನಡುನಡುವೆ ಹರಡಿಕೊಂಡಿವೆ. ರೈತನ ಟಿಲ್ಲರು ಗದ್ದೆಯ ಕೆಸರಿನಿಂದ ಮೇಲೆದ್ದು ನೇರವಾಗಿ ಹೆದ್ದಾರಿಗೆ ಬರುತ್ತದೆ. ಅಡಿಕೆಯನ್ನೋ ಗೊಬ್ಬರವನ್ನೋ ಹೇರಿದ ಟ್ರೇಲರು, ಘಟ್ಟವನ್ನು ಏರಿಳಿಯುವ ಭಾರದ ಲಾರಿಗಳ ನಡುವೆ ದಾರಿ ಮಾಡಿಕೊಂಡು ಸಾಗಬೇಕಾಗುತ್ತದೆ. ಇಂಥ ದಾರಿಯಲ್ಲಿ ಚಕ್ರದ ನಟ್ಟುಗಳು ಸಡಿಲವಾದರೆ, ಇಳಿಜಾರಿನಲ್ಲಿ ಕಳಚಿದ ಚಕ್ರವು ಬಂಡಿಯಲ್ಲಿರುವವರಿಗೆ ಮಾತ್ರವಲ್ಲದೆ ಎದುರಿಗೆ ಬರುವವರ ಪ್ರಾಣಕ್ಕೂ ಎರವಾಗಬಹುದು. ಸ್ಟೀರಿಂಗಿನ ಒಂದು ಕೀಲು ಬಿಚ್ಚಿಹೋದರೆ ಚಾಲಕನ ಕೈಯಲ್ಲಿರುವ ಚಕ್ರವು ಬರಿಯ ಬಳೆಯಾಗುತ್ತದೆ.

ಈ ಅಪಾಯಗಳಲ್ಲಿ ಹೆಚ್ಚಿನವು ಅಲ್ಪ ಖರ್ಚಿನಿಂದಲೂ ಅಲ್ಪ ಶ್ರಮದಿಂದಲೂ ತಪ್ಪತಕ್ಕವು. ಆದುದರಿಂದ ನಟ್ಟುಗಳು ಏಕೆ ಸಡಿಲವಾಗುತ್ತವೆ, ಅವನ್ನು ಬಂಧಿಸುವ ಸಾಧನಗಳು ಯಾವುವು, ಯಾವುದನ್ನು ಎಲ್ಲಿ ಬಳಸಬೇಕು, ಎಲ್ಲಿ ಬಳಸಕೂಡದು ಎಂಬ ವಿಷಯಗಳನ್ನು ರೈತರ ತಿಳಿವಳಿಕೆಗಾಗಿ ಈ ಪತ್ರಿಕೆಯಲ್ಲಿ ವಿವರಿಸಿದೆ.

೧. ಕಡೆಗೀಲಿನ ಪಾಠ

ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿಯು ಎತ್ತಿನ ಗಾಡಿಗಳಲ್ಲಿ ಘಟ್ಟವನ್ನಿಳಿದು ಕುಮಟೆ ಮತ್ತು ಕಾರವಾರದ ಬಂದರುಗಳಿಗೆ ಬರುತ್ತಿತ್ತು. ಆ ಗಾಡಿಗಳಲ್ಲಿ ನಟ್ಟುಗಳಿಂದ ಬಿಗಿದ ಚಕ್ರಗಳಿರಲಿಲ್ಲ. ಅಚ್ಚಿನ ತುದಿಯಲ್ಲಿ ಕೊರೆದ ತೂತಿಗೆ ತೂರಿಸಿದ ಕಬ್ಬಿಣದ ಕಡೆಗೀಲು, ಕೆಲವು ಕಡೆ ಕಡಾಣಿಯೆಂದು ಕರೆಯಿಸಿಕೊಳ್ಳುವ ಆ ಚಿಕ್ಕ ಮೊಳೆಯೇ, ಚಕ್ರವನ್ನು ಕಾಯುತ್ತಿತ್ತು. ದಾರಿ ಹಿಡಿಯುವುದಕ್ಕೆ ಮೊದಲು ಕಡೆಗೀಲನ್ನು ಮುಟ್ಟಿ ನೋಡುವುದು ಗಾಡಿ ಹೊಡೆಯುವವನು ಕಲಿಯಬೇಕಾದ ಮೊದಲನೆಯ ಪಾಠ.

ಕಡೆಗೀಲು ಚಕ್ರವನ್ನು ಅಚ್ಚಿಗೆ ಬಿಗಿಯುವುದಿಲ್ಲವೆಂಬುದನ್ನು ಇಲ್ಲಿ ಗಮನಿಸಬೇಕು. ಚಕ್ರವು ಅದರೊಳಗೆ ಸಡಿಲವಾಗಿಯೇ ತಿರುಗುತ್ತದೆ. ಅದು ಹೊರಕ್ಕೆ ಜಾರಿಹೋಗದಂತೆ ತಡೆಯುವುದಷ್ಟೇ ಕಡೆಗೀಲಿನ ಕೆಲಸ. ಈಗಿನ ಯಂತ್ರಗಳಲ್ಲಿರುವ ಬಂಧನಗಳೂ ಹೀಗೆ ಎರಡು ಜಾತಿಯವು. ಕೆಲವು ನಟ್ಟಿನ ಬಿಗಿತವು ಕುಂದದಂತೆ ಕಾಯುತ್ತವೆ. ಮತ್ತೆ ಕೆಲವು, ಬಿಗಿತವು ಹೋದರೂ ನಟ್ಟು ಪೂರ್ಣವಾಗಿ ಕಳಚಿಬೀಳದಂತೆ ಮಾತ್ರ ತಡೆಯುತ್ತವೆ. ಈ ಭೇದವನ್ನು ಅರಿಯದವನು ಪಿನ್ನು ಹಾಕಿದ್ದೇನೆಂಬ ಧೈರ್ಯದಿಂದ ನಟ್ಟನ್ನು ಸಾಕಷ್ಟು ಬಿಗಿಯದೆ ಬಿಡುತ್ತಾನೆ. ಯಾವ ಬಂಧನವೂ ಇಲ್ಲದ ಬಿಗಿತವನ್ನು ತಂದುಕೊಡಲಾರದು. ಮೊದಲು ಸರಿಯಾಗಿ ಬಿಗಿಯಬೇಕು. ಬಂಧನವು ಆಮೇಲಿನ ಕಾವಲು.

೨. ನಟ್ಟು ಸಡಿಲವಾಗುವುದೇಕೆ?

ಬೋಲ್ಟು ಗಟ್ಟಿಯಾದ ಉಕ್ಕಾದರೂ, ನಟ್ಟನ್ನು ಬಿಗಿದಾಗ ಅದು ಬಹು ಸ್ವಲ್ಪ ಹಿಗ್ಗುತ್ತದೆ. ಹಿಗ್ಗಿದ ಬೋಲ್ಟು ಎಳೆದ ರಬ್ಬರಿನಂತೆ ಹಿಂದಕ್ಕೆ ಕುಗ್ಗಲು ಯತ್ನಿಸುತ್ತ ಎರಡು ಭಾಗಗಳನ್ನೂ ಅಮುಕಿ ಹಿಡಿಯುತ್ತದೆ. ಈ ಹಿಡಿತವೇ ಬಿಗಿತವೆನಿಸಿಕೊಳ್ಳುವುದು. ೧೨ ಮಿಲಿಮೀಟರು ದಪ್ಪದ ಒಳ್ಳೆಯ ಬೋಲ್ಟೊಂದು ೫೦ ಮಿಲಿಮೀಟರು ದಪ್ಪದ ಭಾಗಗಳನ್ನು ಹಿಡಿದಿರುವಾಗ, ಅದರ ಹಿಗ್ಗು ಸುಮಾರು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲು ಮಾತ್ರ. ಭಾಗಗಳ ನಡುವೆ ಬಣ್ಣ, ತುಕ್ಕು ಅಥವಾ ಒಣಗಿದ ಕೆಸರು ಇದ್ದು, ಅದು ಓಡಾಟದಲ್ಲಿ ಪುಡಿಯಾಗಿ ಮಿಲಿಮೀಟರಿನ ನೂರನೆಯ ಮೂರು ಪಾಲು ಕುಸಿದರೆ, ಹಿಡಿತದ ಸುಮಾರು ಮೂರನೆಯ ಒಂದು ಪಾಲು ನಷ್ಟವಾಗುತ್ತದೆ. ನಟ್ಟು ಎಳ್ಳಷ್ಟೂ ತಿರುಗದಿದ್ದರೂ ಬಿಗಿತವು ಹೋಗುವ ಬಗೆ ಇದು.

ನಟ್ಟು ತಾನೇ ತಿರುಗಿ ಬಿಚ್ಚುವುದು ಎರಡನೆಯ ಬಗೆ. ಥ್ರೆಡ್ಡೆಂಬುದು ಬೋಲ್ಟಿಗೆ ಸುತ್ತಿದ ಇಳಿಜಾರು. ಆ ಇಳಿಜಾರು ಅತ್ಯಲ್ಪವಾದುದು. ೧೨ ಮಿಲಿಮೀಟರಿನ ಸಾಧಾರಣ ಬೋಲ್ಟಿನಲ್ಲಿ ಸುಮಾರು ೩ ಡಿಗ್ರಿ. ಆದುದರಿಂದ ಒಂದೇ ಸಮನಾದ ಭಾರದಲ್ಲಿ ನಟ್ಟು ಜಾರುವುದಿಲ್ಲ. ಲೋಹದ ಘರ್ಷಣೆಯು ಅದನ್ನು ತಡೆಯುತ್ತದೆ. ಆದರೆ ಬಿಗಿದ ಭಾಗಗಳು ಒಂದರ ಮೇಲೊಂದು ಅಡ್ಡಡ್ಡಲಾಗಿ ಸರಿದಾಡತೊಡಗಿದರೆ ಸ್ಥಿತಿಯು ಬದಲಾಗುತ್ತದೆ. ಓರೆಯಾದ ಹಲಗೆಯ ಮೇಲಿಟ್ಟ ಸೇರನ್ನು ನೋಡಿರಿ. ಹಲಗೆಯನ್ನು ಎಡಕ್ಕೂ ಬಲಕ್ಕೂ ಅಲುಗಾಡಿಸಿದರೆ ಸೇರು ಮೆಲ್ಲಮೆಲ್ಲನೆ ಕೆಳಕ್ಕೂ ಜಾರುತ್ತದೆ. ಹಾಗೆಯೇ ಪ್ರತಿಯೊಂದು ಅಡ್ಡ ಸರಿತದಲ್ಲಿಯೂ ನಟ್ಟು ಕೂದಲೆಳೆಯಷ್ಟು ಹಿಂದಕ್ಕೆ ತಿರುಗುತ್ತದೆ. ಜರ್ಮನಿಯ ಗೆರ್ಹಾರ್ಡ್ ಯುಂಕರ್ ಎಂಬ ಯಂತ್ರಶಾಸ್ತ್ರಜ್ಞನು ೧೯೬೯ರಲ್ಲಿ ಪ್ರಯೋಗಗಳಿಂದ ತೋರಿಸಿಕೊಟ್ಟ ವಿಷಯವಿದು. ಮೇಲೆ ಕೆಳಗೆ ಕುಲುಕುವುದಕ್ಕಿಂತ ಅಡ್ಡಡ್ಡ ಸರಿದಾಡುವುದೇ ನಟ್ಟಿಗೆ ಹೆಚ್ಚಿನ ಶತ್ರು. ಭಾಗಗಳು ಸರಿಯದಷ್ಟು ಬಲವಾಗಿ ಬಿಗಿದಿದ್ದರೆ ಈ ಶತ್ರುವಿಗೆ ಪ್ರವೇಶವೇ ಇಲ್ಲ.

೩. ಬಂಧನದ ಸಾಧನಗಳು

(ಅ) ಸ್ಪ್ರಿಂಗ್ ವಾಷರು. ಎಲ್ಲೆಲ್ಲಿಯೂ ದೊರೆಯುವ, ಎಲ್ಲರೂ ನಂಬುವ ಸಾಧನವಿದು. ನಟ್ಟನ್ನು ಪೂರ್ಣ ಬಿಗಿದಾಗ ಇದು ಚಪ್ಪಟೆಯಾಗಿ ಸಾಧಾರಣ ವಾಷರಿನಂತೆಯೇ ಆಗುತ್ತದೆ. ಆಮೇಲೆ ಅದರ ಸ್ಪ್ರಿಂಗಿನ ಬಲವು ಬೋಲ್ಟಿನ ಹಿಡಿತದ ಮುಂದೆ ಲೆಕ್ಕಕ್ಕೆ ಬರುವುದಿಲ್ಲ. ಅಡ್ಡ ಸರಿತದ ಪರೀಕ್ಷೆಯಲ್ಲಿ ಇದರಿಂದ ಹೇಳಿಕೊಳ್ಳುವಂಥ ತಡೆಯು ಕಂಡುಬಂದಿಲ್ಲ. ಮಡ್‌ಗಾರ್ಡು, ದೀಪದ ಪಟ್ಟಿ ಮುಂತಾದ ಹಗುರ ಭಾಗಗಳಿಗೆ ಇದನ್ನು ಬಳಸಬಹುದು. ಸ್ಟೀರಿಂಗು, ಬ್ರೇಕುಗಳಲ್ಲಿ ಇದೊಂದನ್ನೇ ನೆಚ್ಚಕೂಡದು.

(ಆ) ಜೋಡಿ ನಟ್ಟು ಅಥವಾ ಚೆಕ್ ನಟ್ಟು. ಒಂದರ ಮೇಲೊಂದು ಎರಡು ನಟ್ಟುಗಳನ್ನು ಪರಸ್ಪರ ಒತ್ತಿ ನಿಲ್ಲುವಂತೆ ಬಿಗಿಯುವ ಕ್ರಮವಿದು. ತೆಳ್ಳನೆಯ ನಟ್ಟನ್ನು ಮೇಲೆ ಹಾಕುವುದು ವಾಡಿಕೆಯಲ್ಲಿದ್ದರೂ ಅದು ತಪ್ಪು. ತೆಳ್ಳನೆಯ ನಟ್ಟನ್ನು ಕೆಳಗೆ ಹಾಕಿ ಸಾಧಾರಣವಾಗಿ ಬಿಗಿಯತಕ್ಕದ್ದು. ಬಳಿಕ ಅದನ್ನು ಒಂದು ಸ್ಪ್ಯಾನರಿನಿಂದ ಅಲುಗದಂತೆ ಹಿಡಿದು, ದಪ್ಪ ನಟ್ಟನ್ನು ಮೇಲಿನಿಂದ ಪೂರ್ಣ ಬಿಗಿಯತಕ್ಕದ್ದು. ಹೀಗೆ ಮಾಡಿದಾಗ ಭಾರವನ್ನು ಹೊರುವುದು ಮೇಲಿನ ನಟ್ಟಾದುದರಿಂದ ಅದೇ ದಪ್ಪವಾಗಿರಬೇಕು. ಟಿಲ್ಲರಿನ ಕ್ಲಚ್ಚು, ಬ್ರೇಕುಗಳ ಸರಳುಗಳಲ್ಲಿ ಉದ್ದವನ್ನು ಸರಿಪಡಿಸಿದ ಮೇಲೆ ಅದು ಕದಲದಂತೆ ಮಾಡಲು ಚೆಕ್ ನಟ್ಟು ಬಹಳ ಅನುಕೂಲವಾದುದು.

(ಇ) ಕ್ಯಾಸಲ್ ನಟ್ಟು ಮತ್ತು ಸ್ಪ್ಲಿಟ್ ಪಿನ್ನು. ಕೋಟೆಯ ತೆನೆಗಳಂತೆ ಸೀಳುಗಳಿರುವ ನಟ್ಟಿಗೂ ಬೋಲ್ಟಿನ ತೂತಿಗೂ ಪಿನ್ನನ್ನು ಹಾಯಿಸಿ, ಅದರ ಎರಡು ಕಾಲುಗಳನ್ನು ಬೇರೆ ಬೇರೆಯಾಗಿ ಬಗ್ಗಿಸುವ ಕ್ರಮವಿದು. ಹಳೆಯ ಕಡೆಗೀಲಿನ ವಂಶಕ್ಕೆ ಸೇರಿದುದು. ಬಿಗಿತವನ್ನು ಇದು ಉಳಿಸದಿದ್ದರೂ ನಟ್ಟು ಕಳಚಿಹೋಗುವುದನ್ನು ಖಂಡಿತವಾಗಿ ತಡೆಯುತ್ತದೆ. ಆದುದರಿಂದಲೇ ಸ್ಟೀರಿಂಗಿನ ಕೀಲುಗಳಲ್ಲಿಯೂ ಚಕ್ರದ ಬೇರಿಂಗಿನ ತುದಿಯಲ್ಲಿಯೂ ಇದನ್ನು ಇಟ್ಟಿದ್ದಾರೆ.

ಸೀಳು ಮತ್ತು ತೂತು ಒಂದೇ ನೇರಕ್ಕೆ ಬಾರದಿದ್ದಾಗ ಏನು ಮಾಡಬೇಕೆಂಬುದು ಮುಖ್ಯ. ಸ್ಟೀರಿಂಗಿನ ಕೀಲಿನಲ್ಲಿ ನಟ್ಟನ್ನು ಇನ್ನಷ್ಟು ಬಿಗಿದು ನೇರಕ್ಕೆ ತರಬೇಕು. ಪಿನ್ನಿಗಾಗಿ ಹಿಂದಕ್ಕೆ ಸಡಿಲಿಸಕೂಡದು. ಟ್ರೇಲರಿನ ಅಥವಾ ಟಯರು ಗಾಡಿಯ ಚಕ್ರದಲ್ಲಿ ಓರೆ ರೋಲರುಗಳ ಬೇರಿಂಗಿದ್ದರೆ ಕ್ರಮವು ಇದಕ್ಕೆ ವಿರುದ್ಧ. ಚಕ್ರವನ್ನು ಕೈಯಿಂದ ತಿರುಗಿಸುತ್ತ ನಟ್ಟನ್ನು ಬಿಗಿದು, ಕೈಪಿಡಿಯಲ್ಲಿ ಹೇಳಿದಷ್ಟು ಹಿಂದಕ್ಕೆ ಬಿಟ್ಟು, ಆಮೇಲೆ ಪಿನ್ನು ಹಾಕಬೇಕು. ಇಲ್ಲಿ ಅತಿಯಾಗಿ ಬಿಗಿದರೆ ಬೇರಿಂಗು ಕಾದು ಹಾಳಾಗುತ್ತದೆ. ಒಮ್ಮೆ ಬಗ್ಗಿಸಿ ತೆಗೆದ ಪಿನ್ನನ್ನು ಮತ್ತೆ ಬಳಸಕೂಡದು. ಎರಡನೆಯ ಸಲ ಬಗ್ಗಿಸಿದಾಗ ಅದರ ಕಾಲು ಮುರಿಯುವ ಸಂಭವವುಂಟು. ತೂತಿಗೆ ತಕ್ಕ ದಪ್ಪದ ಹೊಸ ಪಿನ್ನನ್ನೇ ಹಾಕತಕ್ಕದ್ದು.

(ಈ) ನೈಲಾನ್ ನಟ್ಟು. ಇದರ ಮೇಲ್ತುದಿಯಲ್ಲಿ ನೈಲಾನಿನ ಬಳೆಯಿರುತ್ತದೆ. ಬೋಲ್ಟು ಈ ಬಳೆಯನ್ನು ಕೊರೆದುಕೊಂಡು ಹೋಗುವುದರಿಂದ ನಟ್ಟು ಸುಲಭವಾಗಿ ತಿರುಗದು. ಬೋಲ್ಟಿನ ತುದಿಯು ಬಳೆಯನ್ನು ದಾಟಿ ಒಂದೆರಡು ಥ್ರೆಡ್ಡಿನಷ್ಟಾದರೂ ಹೊರಗೆ ಕಾಣಿಸಬೇಕು. ಇಲ್ಲದಿದ್ದರೆ ಬಂಧನವು ಆಗಿಲ್ಲವೆಂದೇ ತಿಳಿಯಬೇಕು. ಬಳೆಯು ಬೋಲ್ಟನ್ನು ಹಿಡಿದ ಮೇಲೂ ನಟ್ಟು ಬರಿಯ ಬೆರಳಿನಿಂದ ತಿರುಗಿದರೆ ಆ ನಟ್ಟಿನ ಆಯುಷ್ಯ ಮುಗಿಯಿತು. ಸುಮಾರು ೧೨೦ ಡಿಗ್ರಿ ಸೆಂಟಿಗ್ರೇಡಿಗಿಂತ ಹೆಚ್ಚಿನ ಶಾಖದಲ್ಲಿ ನೈಲಾನು ಮೆತ್ತಗಾಗುವುದರಿಂದ ಸೈಲೆನ್ಸರು ಮತ್ತು ಹೊಗೆಯ ಕೊಳವೆಯ ಬಳಿ ಇದನ್ನು ಬಳಸಕೂಡದು. ಅಲ್ಲಿಗೆ ಪೂರ್ಣ ಲೋಹದಿಂದಲೇ ಮಾಡಿದ ಬಿಗಿ ನಟ್ಟುಗಳು ದೊರೆಯುತ್ತವೆ.

(ಉ) ಮಡಿಸುವ ತಗಡು. ನಟ್ಟಿನ ಕೆಳಗಿಟ್ಟ ಮೃದುವಾದ ತಗಡಿನ ಒಂದು ಕಿವಿಯನ್ನು ಯಂತ್ರದ ಅಂಚಿಗೂ ಮತ್ತೊಂದನ್ನು ನಟ್ಟಿನ ಮಗ್ಗುಲಿಗೂ ಮಡಿಸುವ ಕ್ರಮವಿದು. ಶಾಖದಿಂದ ಇದು ಕೆಡುವುದಿಲ್ಲ. ಒಮ್ಮೆ ಮಡಿಸಿದ ಕಿವಿಯನ್ನು ನೇರಮಾಡಿ ಮತ್ತೆ ಬಳಸಿದರೆ ಅದು ಸೀಳುತ್ತದೆ.

(ಊ) ತಂತಿಯ ಕಟ್ಟು. ತಲೆಯಲ್ಲಿ ತೂತುಳ್ಳ ಎರಡು ಮೂರು ಬೋಲ್ಟುಗಳಿಗೆ ತಂತಿಯನ್ನು ಹೆಣೆದು, ಒಂದು ಬಿಚ್ಚತೊಡಗಿದರೆ ತಂತಿಯು ಮತ್ತೊಂದನ್ನು ಬಿಗಿಯುವ ದಿಕ್ಕಿಗೆ ಎಳೆಯುವಂತೆ ಕಟ್ಟುವ ಕ್ರಮವಿದು. ವಿಮಾನಗಳಲ್ಲಿ ಇದು ಹೆಚ್ಚಾಗಿ ರೂಢಿಯಲ್ಲಿದೆ. ತಂತಿಯನ್ನು ವಿರುದ್ಧ ದಿಕ್ಕಿಗೆ ಕಟ್ಟಿದರೆ ಅದು ಬಿಚ್ಚುವುದಕ್ಕೆ ಸಹಾಯಮಾಡುವುದಲ್ಲದೆ ಬೇರೇನೂ ಫಲವಿಲ್ಲ.

(ಋ) ಥ್ರೆಡ್ಡಿನ ಅಂಟು. ಅಮೆರಿಕೆಯ ವರ್ನನ್ ಕ್ರೀಬಲ್ ಎಂಬ ರಸಾಯನಶಾಸ್ತ್ರದ ಪ್ರಾಧ್ಯಾಪಕನು ೧೯೫೩ರಲ್ಲಿ ಇದನ್ನು ಬಳಕೆಗೆ ತಂದನು. ಗಾಳಿಯಿರುವ ತನಕ ದ್ರವವಾಗಿದ್ದು, ಗಾಳಿಯಿಲ್ಲದ ಸಂದಿನಲ್ಲಿ ಲೋಹಕ್ಕೆ ತಾಗಿದಾಗ ಗಟ್ಟಿಯಾಗುವುದು ಇದರ ಗುಣ. ಎಣ್ಣೆ, ಕೆಸರುಗಳನ್ನು ಪೂರ್ತಿ ತೆಗೆದ ಥ್ರೆಡ್ಡಿಗೆ ಮಾತ್ರ ಇದು ಹಿಡಿಯುತ್ತದೆ. ಪೂರ್ಣ ಬಲ ಬರಲು ಸಾಮಾನ್ಯವಾಗಿ ಒಂದು ಹಗಲು ಒಂದು ರಾತ್ರಿ ಬೇಕು. ನೀಲಿ ಬಣ್ಣದ ಅಂಟನ್ನು ಸ್ಪ್ಯಾನರಿನಿಂದ ಬಿಚ್ಚಬಹುದು. ಕೆಂಪು ಬಣ್ಣದ್ದಕ್ಕೆ ಸಾಮಾನ್ಯವಾಗಿ ಶಾಖ ಕೊಡಬೇಕಾಗುತ್ತದೆ. ಮೇಲಿಂದ ಮೇಲೆ ಬಿಚ್ಚಬೇಕಾದ ನಟ್ಟುಗಳಿಗೆ ಇದು ಯೋಗ್ಯವಲ್ಲ.

೪. ಚಕ್ರದ ನಟ್ಟುಗಳು

ಮೇಲೆ ಹೇಳಿದ ಸಾಧನಗಳಲ್ಲಿ ಹೆಚ್ಚಿನವು ಚಕ್ರದ ನಟ್ಟುಗಳಲ್ಲಿ ಕಾಣಿಸವು. ಅಲ್ಲಿ ಕಾಯುವುದು ಸರಿಯಾದ ಬಿಗಿತವೊಂದೇ. ಅನೇಕ ನಟ್ಟುಗಳ ಒಂದು ಮುಖವು ಲಾಳಿಕೆಯಂತೆ ಓರೆಯಾಗಿದ್ದು, ಚಕ್ರದ ತೂತಿನ ಓರೆಯಲ್ಲಿ ಕೂತು ಕಚ್ಚಿಕೊಳ್ಳುತ್ತದೆ. ಓರೆಯ ಮುಖವು ಚಕ್ರದ ಕಡೆಗೇ ಇರತಕ್ಕದ್ದು. ನಡುವೆ ಸ್ಪ್ರಿಂಗ್ ವಾಷರನ್ನು ಸೇರಿಸಕೂಡದು.

ಚಕ್ರವನ್ನು ಹಾಕುವಾಗ ಅನುಸರಿಸಬೇಕಾದ ಕ್ರಮವು ಹೀಗಿದೆ. ಚಕ್ರದ ತಟ್ಟೆಯನ್ನೂ ಅದು ಕೂರುವ ಹಬ್ಬನ್ನೂ ತಂತಿಯ ಕುಂಚದಿಂದ ಉಜ್ಜಿ ತುಕ್ಕು, ಕೆಸರು, ದಪ್ಪನಾದ ಬಣ್ಣಗಳನ್ನು ತೆಗೆಯಬೇಕು. ನಟ್ಟುಗಳನ್ನು ಮೊದಲು ಕೈಯಿಂದಲೇ ತಿರುಗಿಸಿ ಹತ್ತಿಸಬೇಕು. ಕೈಗೆ ತಿರುಗದ ನಟ್ಟು ಓರೆಯಾಗಿ ಕೂತಿದೆಯೆಂದೋ ಬೇರೆ ಜಾತಿಯದೆಂದೋ ತಿಳಿಯಬೇಕು. ಬಳಿಕ ಒಂದನ್ನು ಬಿಗಿದು, ಅದರ ಎದುರಿನದನ್ನು ಬಿಗಿದು, ಹೀಗೆ ಅಡ್ಡಡ್ಡಲಾಗಿ ಎರಡು ಮೂರು ಸುತ್ತುಗಳಲ್ಲಿ ಬಿಗಿಯಬೇಕು. ಜಾಕನ್ನು ಇಳಿಸಿ ಚಕ್ರವು ನೆಲವನ್ನು ಮುಟ್ಟಿದ ಮೇಲೆ ಕೊನೆಯ ಬಿಗಿತವನ್ನು ಕೊಡತಕ್ಕದ್ದು.

ಎಷ್ಟು ಬಿಗಿಯಬೇಕೆಂಬುದು ಆಯಾ ಯಂತ್ರದ ಕೈಪಿಡಿಯಲ್ಲಿರುತ್ತದೆ. ಅದನ್ನು ಅಳೆಯಲು ಟಾರ್ಕ್ ರೆಂಚೆಂಬ ಉಪಕರಣವುಂಟು. ಅರ್ಧ ಮೀಟರು ಉದ್ದದ ಸ್ಪ್ಯಾನರಿನ ತುದಿಯಲ್ಲಿ ೨೦ ಕಿಲೋಗ್ರಾಂ ಭಾರದಷ್ಟು ಒತ್ತಿದರೆ ೧೦ ಕಿಲೋಗ್ರಾಂ ಮೀಟರು, ಎಂದರೆ ಸುಮಾರು ೯೮ ನ್ಯೂಟನ್ ಮೀಟರು ಬಿಗಿತವುಂಟಾಗುತ್ತದೆ. ಸ್ಪ್ಯಾನರಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಅದರ ಮೇಲೆ ಹತ್ತಿ ನಿಲ್ಲುವುದು ಅನೇಕರ ಅಭ್ಯಾಸ. ಇದರಿಂದ ಬೋಲ್ಟು ಮಿತಿಮೀರಿ ಹಿಗ್ಗಿ, ಮರಳಿ ಕುಗ್ಗುವ ಗುಣವನ್ನು ಕಳೆದುಕೊಂಡು, ಮುಂದೆ ದಾರಿಯಲ್ಲಿ ಮುರಿಯುತ್ತದೆ. ಕೈಪಿಡಿಯು ಹೇಳದ ಹೊರತು ಚಕ್ರದ ಬೋಲ್ಟಿಗೆ ಎಣ್ಣೆ, ಗ್ರೀಸುಗಳನ್ನು ಹಚ್ಚಲೂ ಬಾರದು. ಜಾರಿಕೆಯು ಹೆಚ್ಚಿ, ಅಷ್ಟೇ ಬಲದ ಎಳೆತಕ್ಕೆ ಬೋಲ್ಟು ಹೆಚ್ಚಾಗಿ ಹಿಗ್ಗುತ್ತದೆ.

ಹೊಸದಾಗಿ ಹಾಕಿದ ಚಕ್ರವು ಸ್ವಲ್ಪ ಓಡಿದ ಮೇಲೆ ತಪ್ಪದೆ ಮತ್ತೊಮ್ಮೆ ಬಿಗಿತವನ್ನು ನೋಡಬೇಕು. ರಸ್ತೆಯ ವಾಹನಗಳಿಗೆ ೫೦ರಿಂದ ೧೦೦ ಕಿಲೋಮೀಟರು, ಗದ್ದೆಯ ಯಂತ್ರಗಳಿಗೆ ಮೊದಲ ಕೆಲವು ಗಂಟೆಗಳ ಕೆಲಸ, ಸಾಮಾನ್ಯವಾದ ಲೆಕ್ಕ. ಎರಡನೆಯ ವಿಭಾಗದಲ್ಲಿ ಹೇಳಿದ ಕುಸಿತವು ಈ ಮೊದಲ ಓಡಾಟದಲ್ಲಿಯೇ ಹೆಚ್ಚಾಗಿ ಆಗುವುದೇ ಇದಕ್ಕೆ ಕಾರಣ. ಸುಂಕಸಾಳದಲ್ಲಿ ಟಯರು ಬದಲಾಯಿಸಿ ಘಟ್ಟ ಹತ್ತುವವನು ಯಲ್ಲಾಪುರವನ್ನು ಮುಟ್ಟಿದೊಡನೆ ಸ್ಪ್ಯಾನರನ್ನು ಕೈಗೆ ತೆಗೆದುಕೊಳ್ಳುವುದು ಲೇಸು.

೫. ಎಡಸುತ್ತಿನ ನಟ್ಟುಗಳು

ಕೆಲವು ಸ್ಥಳಗಳಲ್ಲಿ ತಿರುಗುವ ಚಲನೆಯೇ ನಟ್ಟನ್ನು ಬಿಚ್ಚುವ ದಿಕ್ಕಿಗೆ ಎಳೆಯುತ್ತದೆ. ಅಲ್ಲಿ ಥ್ರೆಡ್ಡನ್ನು ಎಡಸುತ್ತಾಗಿ ಕೊರೆದು, ಆ ಎಳೆತವು ನಟ್ಟನ್ನು ಬಿಗಿಯುವಂತೆ ಮಾಡಿರುತ್ತಾರೆ. ಬೈಸಿಕಲ್ಲಿನ ಎಡ ಪೆಡಲು ಎಲ್ಲರಿಗೂ ಪರಿಚಿತವಾದ ಉದಾಹರಣೆ. ಕೆಲವು ಹಳೆಯ ಲಾರಿಗಳ ಎಡಗಡೆಯ ಚಕ್ರಗಳಲ್ಲಿಯೂ ಇದು ಉಂಟು. ಅಡಿಕೆಯ ತೋಟದಲ್ಲಿ ಕಳೆ ಸವರುವ ಯಂತ್ರದ ಅಲಗನ್ನು ಹಿಡಿಯುವ ನಟ್ಟು ಸಾಮಾನ್ಯವಾಗಿ ಎಡಸುತ್ತಿನದೇ. ಇದನ್ನರಿಯದೆ ಬಿಚ್ಚಲೆಂದು ಬಲವಾಗಿ ತಿರುಗಿಸುವವನು ವಾಸ್ತವದಲ್ಲಿ ಬಿಗಿಯುತ್ತ ಹೋಗಿ ಥ್ರೆಡ್ಡನ್ನು ಕೀಳುತ್ತಾನೆ. ಥ್ರೆಡ್ಡು ಹಾಳಾದ ಅಲಗಿನ ನಟ್ಟಿನಿಂದ ಕೆಲಸ ಮಾಡುವುದು ಬಹಳ ಅಪಾಯಕರ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಅಲಗು ಕಳಚಿದರೆ ಅದು ಯಾರ ಕಾಲಿಗೆ ಬೀಳುವುದೆಂದು ಹೇಳಲಾಗದು.

೬. ಮಾಡಕೂಡದ ಕೆಲಸಗಳು

ಸ್ಪ್ಲಿಟ್ ಪಿನ್ನಿನ ಬದಲು ಮೊಳೆಯನ್ನೋ ಬೇಲಿಯ ತಂತಿಯನ್ನೋ ಹಾಕುವುದು ಬಹು ಸಾಮಾನ್ಯವಾದ ತಪ್ಪು. ಮೊಳೆಯು ಉದುರುತ್ತದೆ, ಮೆತ್ತನೆಯ ತಂತಿಯು ಸವೆದು ಹರಿಯುತ್ತದೆ. ಹೊಸ ಪಿನ್ನಿನ ಬೆಲೆಯು ಒಂದು ಲೋಟ ಚಹದ ಬೆಲೆಗಿಂತ ಹೆಚ್ಚಲ್ಲ. ಹತ್ತಾರು ಅಳತೆಯ ಪಿನ್ನುಗಳನ್ನು ಡಬ್ಬಿಯಲ್ಲಿ ಹಾಕಿ ಯಂತ್ರದ ಜೊತೆಯಲ್ಲಿಯೇ ಇಟ್ಟುಕೊಳ್ಳತಕ್ಕದ್ದು.

ನಟ್ಟನ್ನು ಬೋಲ್ಟಿಗೆ ಬೆಸುಗೆ ಹಾಕಿಸುವುದು ಎರಡನೆಯ ತಪ್ಪು. ತಲೆಯ ಮೇಲೆ ೮.೮ ಅಥವಾ ೧೦.೯ ಎಂಬ ಗುರುತುಳ್ಳ ಬೋಲ್ಟುಗಳಿಗೆ ಶಾಖಸಂಸ್ಕಾರದಿಂದ ಬಲವನ್ನು ತಂದಿರುತ್ತಾರೆ. ಬೆಸುಗೆಯ ಉರಿಯು ಆ ಬಲವನ್ನು ಕೆಡಿಸುತ್ತದೆ. ಇಂಥ ಬೋಲ್ಟು ಮುರಿದಾಗ ಗುರುತಿಲ್ಲದ ಅಗ್ಗದ ಬೋಲ್ಟನ್ನು ಹಾಕುವುದೂ ಸಲ್ಲದು.

ಹೇಗಾದರೂ ಕೂತಿತೆಂದು ಬೇರೆ ಥ್ರೆಡ್ಡಿನ ನಟ್ಟನ್ನು ಹಾಕುವುದು ಮೂರನೆಯದು. ಇಂಗ್ಲೆಂಡಿನ ವಿಟ್‌ವರ್ತನು ೧೮೪೧ರಲ್ಲಿ ಗೊತ್ತುಮಾಡಿದ ಹಳೆಯ ಥ್ರೆಡ್ಡಿನ ಕೋನವು ೫೫ ಡಿಗ್ರಿ. ಈಗಿನ ಮೆಟ್ರಿಕ್ ಥ್ರೆಡ್ಡಿನದು ೬೦ ಡಿಗ್ರಿ. ಒಂದರ ನಟ್ಟು ಮತ್ತೊಂದರ ಬೋಲ್ಟಿಗೆ ಕೆಲವು ಸುತ್ತು ಹತ್ತಬಹುದಾದರೂ ಪೂರ್ಣವಾಗಿ ಕಚ್ಚುವುದಿಲ್ಲ. ಹಳೆಯ ಟ್ರೇಲರುಗಳಲ್ಲಿ ಎರಡು ಜಾತಿಯೂ ಬೆರೆತಿರುವುದುಂಟು. ಮಾದರಿಯನ್ನು ಅಂಗಡಿಗೆ ಒಯ್ದು ಹೋಲಿಸಿ ತರುವುದು ಉತ್ತಮ.

೭. ಪ್ರತಿದಿನದ ಪರೀಕ್ಷೆ

ಯಂತ್ರವು ಸಡಿಲಿಕೆಯನ್ನು ಮೊದಲೇ ಸೂಚಿಸುತ್ತದೆ. ನಟ್ಟಿನ ಸುತ್ತ ಬಣ್ಣ ಹೋಗಿ ಹೊಳೆಯುವ ಬಳೆ, ಬೋಲ್ಟಿನ ಬುಡದಿಂದ ಹರಿದ ತುಕ್ಕಿನ ಗೆರೆ, ಉದ್ದವಾದ ತೂತು, ಹೊರಡುವಾಗಲೂ ನಿಲ್ಲುವಾಗಲೂ ಕೇಳುವ ಟಕ್ಕೆಂಬ ಸದ್ದು, ಇವೆಲ್ಲ ಅದರ ಗುರುತುಗಳು. ತೂತು ಉದ್ದವಾದ ಚಕ್ರದ ತಟ್ಟೆಯನ್ನು ಬಿಗಿದು ಪ್ರಯೋಜನವಿಲ್ಲ, ಬದಲಾಯಿಸಬೇಕು. ಒಂದು ಬೋಲ್ಟು ಮುರಿದಿದ್ದರೆ ಅದರ ಭಾರವನ್ನು ಹೊತ್ತ ಅಕ್ಕಪಕ್ಕದವೂ ದಣಿದಿರುತ್ತವೆ. ಅವನ್ನೂ ಬದಲಾಯಿಸುವುದು ವಿವೇಕ.

ಎಲ್ಲಕ್ಕಿಂತ ಅಗ್ಗವಾದ ಉಪಾಯವು ಬಣ್ಣದ ಗೆರೆ. ಸರಿಯಾಗಿ ಬಿಗಿದ ನಟ್ಟಿನ ಮೇಲಿನಿಂದ ಪಕ್ಕದ ಲೋಹದವರೆಗೆ ಬಿಳಿಯ ಅಥವಾ ಹಳದಿಯ ಬಣ್ಣದಿಂದ ಒಂದು ಗೆರೆಯನ್ನೆಳೆಯಬೇಕು. ನಟ್ಟು ಸ್ವಲ್ಪ ತಿರುಗಿದರೂ ಗೆರೆಯು ಮುರಿದು ಕಾಣುತ್ತದೆ. ಬೆಳಗ್ಗೆ ಯಂತ್ರದ ಸುತ್ತ ಒಂದು ಸಲ ಬಂದರೆ ಸ್ಪ್ಯಾನರು ಮುಟ್ಟದೆಯೇ ತಿರುಗಿದ ನಟ್ಟುಗಳು ಗೊತ್ತಾಗುತ್ತವೆ. ಆದರೆ ತಿರುಗದೆ ಕುಸಿದು ಹೋದ ಬಿಗಿತವನ್ನು ಗೆರೆಯು ತೋರಿಸಲಾರದಾದುದರಿಂದ ಗೊತ್ತಾದ ಅವಧಿಗೆ ಸ್ಪ್ಯಾನರಿನಿಂದಲೂ ನೋಡಬೇಕು. ಟಿಲ್ಲರಿನ ತಿರುಗುವ ಅಲಗುಗಳ ನಟ್ಟುಗಳು ಕಲ್ಲು ಬೇರುಗಳ ಹೊಡೆತಕ್ಕೆ ಸಿಕ್ಕುವುದರಿಂದ ಅವನ್ನು ಪ್ರತಿದಿನವೂ, ಇಂಜಿನನ್ನು ನಿಲ್ಲಿಸಿಯೇ, ಮುಟ್ಟಿ ನೋಡತಕ್ಕದ್ದು. ಮಳೆಗಾಲ ಮುಗಿದ ಮೇಲೆ ತುಕ್ಕು ಹಿಡಿದ ನಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ತೊಳೆದು, ಹಾಳಾದುವನ್ನು ಬದಲಾಯಿಸಿ ಮತ್ತೆ ಹಾಕಬೇಕು.

೨೦೧೪-೧೫ರಲ್ಲಿ ಆರಂಭವಾದ ಕೃಷಿ ಯಂತ್ರಧಾರೆಯಂಥ ಬಾಡಿಗೆಯ ಕೇಂದ್ರಗಳಿಂದ ಯಂತ್ರವನ್ನು ತರುವವರೂ ಈ ಪರೀಕ್ಷೆಯನ್ನು ಬಿಡಕೂಡದು. ಹಲವು ಕೈಗಳು ದುಡಿಸಿದ ಯಂತ್ರದಲ್ಲಿ ಕೊನೆಯವನು ಏನನ್ನು ಬಿಗಿದನು, ಏನನ್ನು ಮರೆತನು ಎಂಬುದು ಮುಂದಿನವನಿಗೆ ತಿಳಿದಿರುವುದಿಲ್ಲ. ಯಂತ್ರದ ಕೈಪಿಡಿಯನ್ನು ಕೇಳಿ ಪಡೆಯುವುದು ರೈತರ ಹಕ್ಕು. ಅದರಲ್ಲಿನ ಬಿಗಿತದ ಲೆಕ್ಕವು ಅರ್ಥವಾಗದಿದ್ದರೆ ಸಮೀಪದ ರೈತ ಸಂಪರ್ಕ ಕೇಂದ್ರದಲ್ಲಾಗಲಿ ಅನುಭವಸ್ಥನಾದ ಮೆಕ್ಯಾನಿಕ್ಕಿನಲ್ಲಾಗಲಿ ವಿಚಾರಿಸಿ ತಿಳಿದುಕೊಳ್ಳಬಹುದು.

ಹಿಂದಿನ ಗಾಡಿಗಾರನಿಗೆ ಎರಡೇ ಕಡೆಗೀಲುಗಳಿದ್ದುವು. ಈಗಿನ ಟ್ರ್ಯಾಕ್ಟರಿನಲ್ಲಿ ನಟ್ಟುಗಳನ್ನು ಎಣಿಸಿ ಮುಗಿಸುವುದು ಕಷ್ಟ. ಆದರೂ ಪ್ರಾಣಕ್ಕೆ ಸಂಬಂಧಿಸಿದುವು ಚಕ್ರ, ಸ್ಟೀರಿಂಗು, ಬ್ರೇಕು, ಟ್ರೇಲರಿನ ಕೊಂಡಿ, ತಿರುಗುವ ಅಲಗು, ಈ ಐದು ಸ್ಥಳಗಳಲ್ಲಿಯೇ ಇವೆ. ಹೊರಡುವುದಕ್ಕೆ ಮೊದಲು ಈ ಐದನ್ನು ನೋಡಿಕೊಳ್ಳಲು ಐದು ನಿಮಿಷ ಸಾಕು. ಘಟ್ಟದ ದಾರಿಯಲ್ಲಿ ಬಂಡಿ ನಡೆಸುವ ಪ್ರತಿಯೊಬ್ಬ ರೈತನೂ ಇದನ್ನು ತಾನು ರೂಢಿಸಿಕೊಂಡು, ಬಂಡಿಯನ್ನು ಮಗನ ಅಥವಾ ಆಳಿನ ಕೈಗೆ ಕೊಡುವಾಗ ಬೀಗದ ಕೈಯ ಜೊತೆಗೆ ಈ ಅಭ್ಯಾಸವನ್ನೂ ಕೊಡತಕ್ಕದ್ದು.